ಅಂಗೈ ಕಂಪ್ಯೂಟರಿನಲ್ಲೇ ಕೋಡ್ ಬರೆಯಬೇಕೇ? ಉಪಕರಣ ಕಟ್ಟುವ ದಾರಿ ಹೀಗಿದೆ

ಬೆಳಿಗ್ಗೆ ಎಂಟೂವರೆಗೆ ನೇರಳೆ ಮಾರ್ಗದ ಮೆಟ್ರೊ ಮೆಜೆಸ್ಟಿಕ್ ದಾಟಿದ ಮೇಲೆ ನಿಮಗೆ ಉಳಿಯುವುದು ಒಂದೇ ಕೈ. ಇನ್ನೊಂದು ಮೇಲಿನ ಹಿಡಿಕೆಗೆ ಹೋಗಿರುತ್ತದೆ. ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪ್ ಇದೆ, ಆದರೆ ಅದು ಇಂದಿರಾನಗರ ಬರುವವರೆಗೂ ಬರೀ ಭಾರ. ನಾನು ಅಂಗೈ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಉಪಕರಣ ಮಾಡಲು ಹೊರಟಿದ್ದು ಇಂಥ ಪ್ರಯಾಣದಲ್ಲೇ. ಎರಡು ವರ್ಷದಲ್ಲಿ ಮೂರು ಸಲ ಕೆಡವಿ ಕಟ್ಟಿದ್ದೇನೆ. ನೀವು ಮೊದಲ ಎರಡು ಸಲ ಕೆಡವದೇ ಇರಲಿ ಅಂತ ಈ ಲೇಖನ.

ಉಪಕರಣ ಅಂದರೆ ಇಲ್ಲಿ ನಾಲ್ಕು ಭಾಗ. ಕೋಡ್ ಬರೆಯುವ ಎಡಿಟರ್, ಅದನ್ನು ಓಡಿಸುವ ಇಂಟರ್‌ಪ್ರಿಟರ್, ತಪ್ಪು ತೋರಿಸುವ ಭಾಗ, ಉಳಿಸುವ ಭಾಗ. ನಾಲ್ಕೂ ಆ ಪುಟ್ಟ ಯಂತ್ರದೊಳಗೇ ಇರಬೇಕು. ತಪ್ಪು ಕಂಡ ಮೇಲೆ ಲ್ಯಾಪ್‌ಟಾಪ್ ತೆಗೆಯಬೇಕಾಗಿ ಬಂದರೆ ನಿಮ್ಮ ವಿನ್ಯಾಸ ಅಲ್ಲಿಗೇ ಸೋತಿತು. ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ: ತಪ್ಪು ಕಂಡಿತು, ತಿದ್ದಿದೆ, ಮತ್ತೆ ಓಡಿತು. ಈ ಸುತ್ತಿಗೆ ಎಷ್ಟು ಸೆಕೆಂಡು ಬೇಕು, ಎಷ್ಟು ಬೆರಳು ಬೇಕು?

ಇದು ಹೊಸ ಆಸೆ ಏನಲ್ಲ. 1980ರ ಶಾರ್ಪ್ ಪಿಸಿ-1211 ಎಂಬ ಪಾಕೆಟ್ ಕಂಪ್ಯೂಟರಿನಲ್ಲಿ 24 ಅಕ್ಷರದ ಒಂದೇ ಸಾಲಿನ ಪರದೆ ಇತ್ತು. ಅದರಲ್ಲೇ ಜನ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದರು. ಆಮೇಲೆ ಸಯಾನ್ ಕಂಪನಿಯ ಕೈಯಂತ್ರಗಳಲ್ಲಿ ಓಪಿಎಲ್ ಎಂಬ ಭಾಷೆ ಒಳಗೇ ಬರುತ್ತಿತ್ತು. ನಮ್ಮ ಊರಿನದೇ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಇದೆಯಲ್ಲ, ಐಐಎಸ್ಸಿಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳೂ ಸೇರಿ ಮಾಡಿದ್ದು. 2001ರಲ್ಲಿ ಅದರ ಮಾದರಿ ಹೊರಬಂತು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 320×240ರ ಪರದೆ, ಒಳಗೆ ಲಿನಕ್ಸ್. 2004ರಲ್ಲಿ ಬಿಇಎಲ್ ಜೊತೆ ಸೇರಿ ಪಿಕೊಪೆಟಾ ಎಂಬ ಕಂಪನಿ ಅದನ್ನು ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ತಂತು. ಕನ್ನಡದಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಕೂಡ ಆ ಯೋಜನೆಯಿಂದ ಬಂತು. ಆದರೆ ಅದನ್ನು ರೂಪಿಸಿದ್ದು ಮಾಹಿತಿ ನೋಡುವವರಿಗೆ, ಪ್ರೋಗ್ರಾಂ ಬರೆಯುವವರಿಗಲ್ಲ. ನಾವು ಮಾಡುವುದು ಅದರ ಉಲ್ಟಾ.

ಮೊದಲು ರಟ್ಟು

ಯಾವ ಭಾಗವನ್ನೂ ಕೊಳ್ಳುವ ಮೊದಲು ರಟ್ಟಿನಲ್ಲಿ ಒಂದು ಯಂತ್ರ ಕತ್ತರಿಸಿ. ಪರದೆಯ ಜಾಗದಲ್ಲಿ ಕಾಗದ ಅಂಟಿಸಿ, ಕೀಲಿಗಳನ್ನು ಪೆನ್ನಿನಲ್ಲಿ ಬರೆಯಿರಿ. ಒಂದು ವಾರ ಜೇಬಲ್ಲಿ ಇಟ್ಟುಕೊಂಡು ಓಡಾಡಿ. ಬಸ್ಸಿನಲ್ಲಿ, ದರ್ಶಿನಿಯ ಮುಂದೆ ಕಾಫಿಗೆ ನಿಂತಾಗ, ಸಿಕ್ಕಲ್ಲೆಲ್ಲ ತೆಗೆದು ಸುಮ್ನೆ ಟೈಪ್ ಮಾಡಿದ ಹಾಗೆ ನಟಿಸಿ. ಅಕ್ಕಪಕ್ಕದವರು ಒಂಥರಾ ನೋಡುತ್ತಾರೆ, ಪರವಾಗಿಲ್ಲ.

ನನಗೆ ಈ ನಾಟಕದಲ್ಲಿ ಗೊತ್ತಾದದ್ದು ಇಷ್ಟು: ನಿಂತಾಗ ನಾನು ಬರೆಯುವುದಿಲ್ಲ. ಓದುತ್ತೇನೆ, ಒಂದು ಅಂಕಿ ಬದಲಿಸುತ್ತೇನೆ, ಓಡಿಸಿ ನೋಡುತ್ತೇನೆ. ಹೊಸ ಸಾಲು ಬರೆಯುವುದೆಲ್ಲ ಕೂತಾಗ, ಎರಡು ಹೆಬ್ಬೆರಳಿನಲ್ಲಿ. ಅಂದಮೇಲೆ ಬಾಣದ ಕೀಲಿ, ಓಡಿಸು, ನಿಲ್ಲಿಸು, ಅಂಕಿ ಏರಿಸು, ಅಂಕಿ ಇಳಿಸು, ಇವಿಷ್ಟೂ ಒಂದೇ ಹೆಬ್ಬೆರಳಿಗೆ ಎಟುಕುವ ಕಡೆ ಇರಬೇಕು. ಉಳಿದ ಕೀಲಿಗಳು ಎಲ್ಲಿದ್ದರೂ ನಡೆಯುತ್ತದೆ. ನನ್ನ ಮೊದಲ ಯಂತ್ರದಲ್ಲಿ ಓಡಿಸು ಬಲಗಡೆ, ಬಾಣ ಎಡಗಡೆ ಇಟ್ಟಿದ್ದೆ. ನೋಡಲು ಬಲು ಚಂದ. ಹಿಡಿಕೆ ಹಿಡಿದು ನಿಂತವನಿಗೆ ದಂಡ.

ಫೋನಿನಲ್ಲೇ ಬರೆಯಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬರೆಯಬಹುದು. ಆದರೆ ಫೋನಿನ ಕೀಬೋರ್ಡ್ ಅರ್ಧ ಪರದೆ ನುಂಗುತ್ತದೆ, ಆವರಣ ಚಿಹ್ನೆ ಹುಡುಕಲು ಎರಡು ಸಲ ಪುಟ ತಿರುಗಿಸಬೇಕು, ಮಧ್ಯೆ ಯಾರದೋ ಗುಡ್ ಮಾರ್ನಿಂಗ್ ಬರುತ್ತದೆ. ಎಲ್‌ಇಡಿಗೋ ಸೆನ್ಸರಿಗೋ ತಂತಿ ಸಿಕ್ಕಿಸಲು ಪಿನ್ ಅಂತೂ ಇಲ್ಲವೇ ಇಲ್ಲ.

ಎಸ್‌ಪಿ ರಸ್ತೆಗೆ ಒಂದು ಸುತ್ತು

ಸಾಮಾನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಾನು ಆರಿಸಿದ್ದು ರಾಸ್ಪ್‌ಬೆರಿ ಪೈ ಪೀಕೊ. 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಂದ ಬೋರ್ಡ್ ಅದು. ಎರಡು ಕೋರ್ (ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ ಓಡಿಸಬಲ್ಲ ಪ್ರೊಸೆಸರ್ ಭಾಗ), 133 ಮೆಗಾಹರ್ಟ್ಸ್, 264 ಕೆಬಿ ರ್‍ಯಾಮ್, 2 ಎಂಬಿ ಫ್ಲ್ಯಾಶ್ (ಕರೆಂಟ್ ಹೋದರೂ ಅಳಿಯದ ಮೆಮೊರಿ). ಇದರ ಜೊತೆ 320×240ರ ಎಸ್‌ಪಿಐ ಬಣ್ಣದ ಪರದೆ (ಎಸ್‌ಪಿಐ ಅಂದರೆ ಕೆಲವೇ ತಂತಿಯಲ್ಲಿ ಮಾಹಿತಿ ಕಳಿಸುವ ಕ್ರಮ), 50 ಪುಟ್ಟ ಒತ್ತುಗುಂಡಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 50 ಡಯೋಡ್, ಒಂದು ಲಿಥಿಯಂ ಸೆಲ್, ಚಾರ್ಜ್ ಮಾಡುವ ಮಾಡ್ಯೂಲ್. ಎಲ್ಲವೂ ಸಾದರ್ ಪತ್ರಪ್ಪ ರಸ್ತೆಯ ಒಂದೇ ಓಣಿಯಲ್ಲಿ ಸಿಗುತ್ತದೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆಯಿರಿ, ಗಾಡಿ ತರಬೇಡಿ.

ಒಂದು ಎಚ್ಚರ. 18650 ಎಂಬ ಗಾತ್ರದ ಲಿಥಿಯಂ ಸೆಲ್ ಮೇಲೆ 9,900 ಎಂಎಎಚ್ ಅಂತ ಬರೆದಿದ್ದರೆ ನಕ್ಕು ಮುಂದೆ ಹೋಗಿ. ಆ ಗಾತ್ರದ ಒಳ್ಳೆಯ ಸೆಲ್‌ನಲ್ಲೂ ಸಾಮಾನ್ಯವಾಗಿ 3,500ರ ಆಸುಪಾಸಿಗಿಂತ ಜಾಸ್ತಿ ಹಿಡಿಯುವುದಿಲ್ಲ. 2,500 ಅಂತ ಬರೆದು 2,500 ಕೊಡುವ ಸೆಲ್ ಸಾಕು. ನನ್ನ ಯಂತ್ರ ಪರದೆಯ ಬೆಳಕು ಸೇರಿ ಸುಮಾರು 100 ಮಿಲಿಆಂಪ್ ಎಳೆಯುತ್ತದೆ. ಚಾರ್ಜರ್ ಮರೆತು ಊರಿಗೆ ಹೋದರೂ ಒಂದು ದಿನ ತಳ್ಳಬಹುದು.

ಪಿನ್ ಲೆಕ್ಕ ಮೊದಲೇ ಹಾಕಿ. ಪೀಕೊದ ಅಂಚಿನಲ್ಲಿ ನಿಮಗೆ ಸಿಗುವುದು 26 ಪಿನ್. 50 ಕೀಲಿಯನ್ನು 5 ಅಡ್ಡಸಾಲು, 10 ಕಂಬಸಾಲಾಗಿ ಹೆಣೆದರೆ 15 ಪಿನ್. ಪರದೆಗೆ 6. ಮೆಮೊರಿ ಕಾರ್ಡ್ ಬೇಕೆಂದರೆ ಇನ್ನು 2. ಉಳಿದದ್ದು 3. ಆ ಮೂರನ್ನು ಹೊರಗಿನ ತಂತಿಗೆ ಮೀಸಲಿಡಿ. ಪ್ರತಿ ಕೀಲಿಗೂ ಡಯೋಡ್ ಹಾಕಿ. ಜುಗ್ಗತನ ಮಾಡಿ ಬಿಟ್ಟರೆ ಮೂರು ಕೀಲಿ ಒಟ್ಟಿಗೆ ಒತ್ತಿದಾಗ ನಾಲ್ಕನೆಯದೊಂದು ದೆವ್ವದ ಕೀಲಿ ಒತ್ತಿದ ಹಾಗೆ ಕಾಣುತ್ತದೆ.

ಪರದೆಯ ಲೆಕ್ಕ

ಎಡವುವುದು ಇಲ್ಲೇ. 320×240 ಬಿಂದು, ಒಂದಕ್ಕೆ 2 ಬೈಟ್ ಬಣ್ಣ. ಪೂರ್ತಿ ಚಿತ್ರ ರ್‍ಯಾಮಿನಲ್ಲಿ ಇಟ್ಟರೆ 1,53,600 ಬೈಟ್. ನಿಮ್ಮ ಹತ್ತಿರ ಇರುವುದೇ 2,70,336. ಅಂದರೆ ಅರ್ಧಕ್ಕಿಂತ ಜಾಸ್ತಿ ರ್‍ಯಾಮ್ ಬರೀ ಪರದೆಯ ನಕಲಿಗೆ ಹೋಯಿತು. ಬರೆಯುವ ಪ್ರೋಗ್ರಾಮಿಗೆ ಏನು ಉಳಿಯಿತು?

ನಕಲು ಇಡಬೇಡಿ. ಪರದೆಗೆ ಅದರದ್ದೇ ಮೆಮೊರಿ ಇದೆ, ನೀವು ಕಳಿಸಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಕೆಲಸ ಯಾವ ಸಾಲು ಬದಲಾಯಿತು ಎಂದು ಗುರುತಿಟ್ಟು ಆ ಸಾಲನ್ನಷ್ಟೇ ಕಳಿಸುವುದು. 40 ಮೆಗಾಹರ್ಟ್ಸ್ ಎಸ್‌ಪಿಐನಲ್ಲಿ ಪೂರ್ತಿ ಪರದೆ ಕಳಿಸಲು ಸುಮಾರು 31 ಮಿಲಿಸೆಕೆಂಡು ಬೇಕು. 8 ಬಿಂದು ಎತ್ತರದ ಒಂದು ಸಾಲಿಗೆ ಬರೀ 1. ಬೆರಳು ಒತ್ತಿದ ತಕ್ಷಣ ಅಕ್ಷರ ಮೂಡಿದ ಹಾಗೆ ಅನ್ನಿಸುವುದು ಈ ವ್ಯತ್ಯಾಸದಿಂದ. ಒಂದು ಸಾಲಿನಷ್ಟು ಪಟ್ಟಿ ರ್‍ಯಾಮಿನಲ್ಲಿಡಿ, ಅದರಲ್ಲಿ ಬಿಡಿಸಿ, ಡಿಎಂಎ (ಪ್ರೊಸೆಸರನ್ನು ಕಾಯಿಸದೆ ಮೆಮೊರಿಯಿಂದ ನೇರ ಕಳಿಸುವ ಏರ್ಪಾಡು) ಮೂಲಕ ದೂಡಿ, ಅದೇ ಪಟ್ಟಿಯನ್ನು ಮುಂದಿನ ಸಾಲಿಗೆ ಬಳಸಿ.

ಇಂಥ ಪರದೆಗಳಲ್ಲಿ ಸಾಮಾನ್ಯವಾಗಿ ಸಿಗುವ ಐಎಲ್‌ಐ9341 ಚಿಪ್‌ಗೆ ತಾನೇ ಸಾಲು ಸರಿಸುವ ಶಕ್ತಿ ಇದೆ. ಅದನ್ನು ಓದಿ ನಾನು ಕುಣಿದಾಡಿದೆ. ಒಂದು ಶನಿವಾರ ಪೂರ್ತಿ ಕೂತು ಬರೆದೆ. ಆಮೇಲೆ ನೋಡಿದರೆ ಅದು ಸರಿಯುವುದು ಪರದೆಯ ಉದ್ದದ ದಿಕ್ಕಿನಲ್ಲಿ ಮಾತ್ರ. ಪರದೆಯನ್ನು ಅಡ್ಡ ಹಿಡಿದರೆ ಅಕ್ಷರಗಳು ಮೇಲೆ ಹೋಗುವ ಬದಲು ಪಕ್ಕಕ್ಕೆ ಜಾರುತ್ತವೆ. ನೀವು ಪರದೆಯನ್ನು ನೆಟ್ಟಗೆ ಹಿಡಿಯುವ ವಿನ್ಯಾಸ ಮಾಡಿದರೆ ಈ ಶಕ್ತಿ ಬಳಸಿಕೊಳ್ಳಿ.

ಬಿಸಿಲಿನಲ್ಲಿ ಓದಬೇಕು ಅಂದರೆ ಶಾರ್ಪ್ ಮೆಮೊರಿ ಎಲ್‌ಸಿಡಿ ಅಂತ ಒಂದಿದೆ. 400×240, ಕಪ್ಪು ಬಿಳುಪು, ಪೂರ್ತಿ ಚಿತ್ರ ಬರೀ 12,000 ಬೈಟ್. ಕರೆಂಟ್ ಕೂಡ ತೀರಾ ಕಡಿಮೆ. ಬೆಲೆ ಮಾತ್ರ ಕೈ ಸುಡುತ್ತದೆ. ದುಡ್ಡಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಿ.

ಭಾಷೆಯನ್ನು ಕೀಲಿಗೆ ತಕ್ಕ ಹಾಗೆ ಕತ್ತರಿಸಿ

ಪುಟ್ಟ ಚಿಪ್ಪುಗಳಿಗೆಂದೇ ಇರುವ ಪೈಥಾನ್ ಭಾಷೆ, ಮೈಕ್ರೊಪೈಥಾನ್, ಹಾಕಿದರೆ ಮುಗೀತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ಯಂತ್ರದಲ್ಲಿ ಅದೇ ಇತ್ತು. ಭಾಷೆ ಚೆನ್ನಾಗಿದೆ, ಸಮಸ್ಯೆ ಹೆಬ್ಬೆರಳಿನದು. ಪ್ರತಿ ಸಾಲಿನ ಮುಂದೆ ನಾಲ್ಕು ಖಾಲಿ ಜಾಗ. ಆವರಣ, ಚೌಕ ಆವರಣ, ಅಡಿಗೆರೆ, ಎರಡು ಚುಕ್ಕೆ. ಒಂದು ಸಾಮಾನ್ಯ ಸಾಲಿಗೆ ನಾನು ಎಷ್ಟು ಸಲ ಶಿಫ್ಟ್ ಒತ್ತುತ್ತೇನೆ ಎಂದು ಎಣಿಸಿದೆ. ಏಳು ಸಲ. ಅವತ್ತೇ ಬಿಟ್ಟೆ.

ಹಳಬರು ಈ ತೊಂದರೆಗೆ ಎರಡು ಮದ್ದು ಕಂಡುಕೊಂಡಿದ್ದರು. ಒಂದು ಫೋರ್ತ್ ಭಾಷೆಯ ದಾರಿ. 1970ರ ಸುಮಾರಿಗೆ ಚಾರ್ಲ್ಸ್ ಮೂರ್ ರೂಪಿಸಿದ ಈ ಭಾಷೆಯಲ್ಲಿ ಲೆಕ್ಕಕ್ಕೆ ಆವರಣವೇ ಬೇಡ. ಪದ, ಖಾಲಿ ಜಾಗ, ಪದ. 3 4 + ಅಂದರೆ 7. ಇಂಟರ್‌ಪ್ರಿಟರ್ ಕೆಲವೇ ಕೆಬಿಯಲ್ಲಿ ಮುಗಿಯುತ್ತದೆ. ಇನ್ನೊಂದು ಟೋಕನ್ ದಾರಿ, ಅಂದರೆ ಇಡೀ ಪದಕ್ಕೆ ಒಂದು ಸಂಕೇತ. ಸಿಂಕ್ಲೇರ್ ಝಡ್‌ಎಕ್ಸ್81 ಎಂಬ ಹಳೆಯ ಕಂಪ್ಯೂಟರಿನಲ್ಲಿ ಒಂದು ಕೀಲಿ ಒತ್ತಿದರೆ ಪ್ರಿಂಟ್ ಎಂಬ ಪದ ಪೂರ್ತಿ ಬೀಳುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗ್ರಾಫ್ ಕ್ಯಾಲ್ಕುಲೇಟರುಗಳಲ್ಲೂ ಇದೇ ಕ್ರಮ. ಮೆಮೊರಿಯಲ್ಲಿ ಆ ಪದ ಇರುವುದು ಒಂದೆರಡು ಬೈಟ್ ಆಗಿ ಮಾತ್ರ.

ನನ್ನ ಮತ ಟೋಕನ್ನಿಗೆ. ಫೋರ್ತ್ ಬರೆಯಲು ಸುಲಭ, ಆರು ತಿಂಗಳಾದ ಮೇಲೆ ಓದಲು ಕಷ್ಟ. ಚಿಕ್ಕ ಪರದೆಯಲ್ಲಿ ನೀವು ಬರೆಯುವುದಕ್ಕಿಂತ ಜಾಸ್ತಿ ಓದುತ್ತೀರಿ. ಟೋಕನ್ ಇದ್ದರೆ ಬರೆಯುವ ಕಷ್ಟ ಕೀಲಿ ಹೊತ್ತುಕೊಳ್ಳುತ್ತದೆ, ಓದುವಾಗ ಪೂರ್ತಿ ಪದ ಕಾಣುತ್ತದೆ.

ಮಾಡುವುದು ಹೀಗೆ. 0ರಿಂದ 127ರ ತನಕದ ಬೈಟ್ ಮಾಮೂಲಿ ಅಕ್ಷರ. 128ರಿಂದ ಮೇಲಿನದು ಭಾಷೆಯ ಪದ. ನನ್ನ ಭಾಷೆಯಲ್ಲಿ ಪದ ಇರುವುದೇ 61. ಒಂದು ಫಂಕ್ಷನ್ ಕೀಲಿ ಒತ್ತಿ ಒಂದು ಅಕ್ಷರ ಒತ್ತಿದರೆ ಪದ ಬೀಳುತ್ತದೆ. ಕೀಲಿ ಮರೆತರೆ? ಮೊದಲ ಎರಡು ಅಕ್ಷರ ಬರೆದು ನಿಂತರೆ ಕೆಳಗೆ ಮೂರು ಸಲಹೆ ಬರಬೇಕು. ಮೂರೇ ಸಾಕು. ಐದು ತೋರಿಸಿದಾಗ ನಾನು ಪಟ್ಟಿ ಓದುತ್ತಾ ಕೂರುತ್ತಿದ್ದೆ.

ಪದ ಟೋಕನ್ ಆಗಿರುವುದರಿಂದ ಇಂಟರ್‌ಪ್ರಿಟರ್ ಕೂಡ ಚುರುಕಾಗುತ್ತದೆ. ಅಕ್ಷರ ಹೋಲಿಸಿ ಪದ ಗುರುತಿಸುವ ಕೆಲಸ ಬರೆಯುವಾಗಲೇ ಮುಗಿದಿರುತ್ತದೆ. ಓಡಿಸುವಾಗ ಬೈಟ್ ನೋಡಿ ನೇರ ಆ ಫಂಕ್ಷನ್ನಿಗೆ ಜಿಗಿಯುವುದಷ್ಟೇ.

ಕನ್ನಡ ಬಂದಾಗ

ಟೋಕನ್ನಿನ ನಿಜವಾದ ಲಾಭ ನನಗೆ ತಡವಾಗಿ ಹೊಳೆಯಿತು. ಅಣ್ಣನ ಮಗಳು ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ಯಂತ್ರ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: ಇದಕ್ಕೆ ಕನ್ನಡ ಬರುತ್ತಾ?

ಮೆಮೊರಿಯಲ್ಲಿ ಇರುವುದು 131 ಎಂಬ ಬೈಟ್. ಅದನ್ನು ಪರದೆಯಲ್ಲಿ ಪ್ರಿಂಟ್ ಎಂದು ತೋರಿಸಬೇಕೋ ಮುದ್ರಿಸು ಎಂದು ತೋರಿಸಬೇಕೋ ಅನ್ನುವುದು ಒಂದು ಪಟ್ಟಿಯ ಪ್ರಶ್ನೆ. ಪಟ್ಟಿ ಬದಲಿಸಿದರೆ ಆಯಿತು. ಅದೇ ಫೈಲ್, ಅವಳಿಗೆ ಕನ್ನಡದಲ್ಲಿ, ನನಗೆ ಇಂಗ್ಲಿಷಿನಲ್ಲಿ. ಮುದ್ರಿಸು ಎಂಬ ಪದ, ಎಲ್ಲ ಲಿಪಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 8 ಸಂಕೇತ, ಆ ಸಂಖ್ಯೆಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ 24 ಬೈಟ್. ಟೋಕನ್ ಆದರೆ 1.

ಪದಗಳಿಗೆ ಇದು ಸರಿಹೋಯಿತು. ಉದ್ಧರಣ ಚಿಹ್ನೆಯ ಒಳಗಿನ ಮಾತು? ಮೊದಲ ದಿನವೇ ಪೆಟ್ಟು ಬಿತ್ತು. ನಮಸ್ಕಾರ ಎಂದು ಬರೆದರೆ ಪರದೆ ತುಂಬ ತಿರುಗು, ನಿಲ್ಲು, ತಿರುಗು, ನಿಲ್ಲು ಅಂತ ಬಂತು. ಕಾರಣ ಸರಳ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತವೂ 224 ಎಂಬ ಬೈಟಿನಿಂದ ಶುರುವಾಗುತ್ತದೆ, ಅದರ ಬೆನ್ನಿಗೇ 178 ಅಥವಾ 179. 128ರ ಮೇಲಿನವು ಅಂತ ನನ್ನ ಯಂತ್ರ ಅವನ್ನೂ ಭಾಷೆಯ ಪದ ಎಂದೇ ಓದಿತು. ಚಿಹ್ನೆಯ ಒಳಗೆ ಟೋಕನ್ ಓದಬಾರದು ಎಂದು ಹೇಳುವುದನ್ನೇ ಮರೆತಿದ್ದೆ.

ಅದನ್ನು ಸರಿಮಾಡುವಾಗ ಒಂದು ಸುಂದರ ದಾರಿ ಕಂಡಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗ ಸರಿಯಾಗಿ 128. ಒಂದು ಬೈಟಿನ ಮೇಲಿನ ಅರ್ಧವೂ 128. ಹಾಗಾಗಿ ಚಿಹ್ನೆಯ ಒಳಗೆ 128ರಿಂದ ಮೇಲಿನ ಬೈಟ್ ಎಲ್ಲವೂ ಕನ್ನಡ ಎಂದು ಇಟ್ಟುಕೊಳ್ಳಿ. ಒಂದು ಸಂಕೇತಕ್ಕೆ ಮೂರು ಬೈಟ್ ಬದಲು ಒಂದು. ಫೈಲ್ ಹೊರಗೆ ಕಳಿಸುವಾಗ ಮಾತ್ರ ಯುಟಿಎಫ್-8ಕ್ಕೆ ತಿರುಗಿಸಿ. ಲ್ಯಾಪ್‌ಟಾಪ್ ಅಂತ ಬರೆಯುವಾಗ ಪಕಾರದ ಕೆಳಗೆ ಟಕಾರ ಒತ್ತಾಗದ ಹಾಗೆ ಮಧ್ಯೆ ಹಾಕುವ ಕಾಣದ ಸಂಕೇತ ಈ 128ರ ಹೊರಗಿದೆ. ಅದಕ್ಕೆ ಕೆಳಗಿನ ಬಳಕೆಯಾಗದ ಬೈಟ್ ಒಂದನ್ನು ಮೀಸಲಿಡಿ.

ಇನ್ನು ಅಕ್ಷರ ಬಿಡಿಸುವುದು. ದೊಡ್ಡ ಕಂಪ್ಯೂಟರಿನಲ್ಲಿ ಹಾರ್ಫ್‌ಬಜ್ ಎಂಬ ಲೈಬ್ರರಿ ಒತ್ತಕ್ಷರ, ಗುಣಿತ ಎಲ್ಲ ಜೋಡಿಸಿ ಕೊಡುತ್ತದೆ. ಅದನ್ನು ಪೀಕೊದೊಳಗೆ ತುರುಕಲು ಹೋಗಬೇಡಿ. ಅದರ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ಒಂದೇ ಸಲ ಮಾಡಿಸಿ, ಫಲಿತಾಂಶವನ್ನು ಚಿತ್ರವಾಗಿ ತನ್ನಿ. 34 ವ್ಯಂಜನ, ಪ್ರತಿಯೊಂದಕ್ಕೆ ಅರ್ಧಾಕ್ಷರವೂ ಸೇರಿ 14 ರೂಪ, ಒಟ್ಟು 476. ಒತ್ತುಗಳು 34. ಅರ್ಕಾವತ್ತು, ಸ್ವರ, ಅನುಸ್ವಾರ, ವಿಸರ್ಗ, ಅಂಕಿ ಸೇರಿಸಿದರೆ 540 ದಾಟುವುದಿಲ್ಲ. ಒಂದಕ್ಕೆ 32×24 ಬಿಂದು ಕೊಟ್ಟರೆ 96 ಬೈಟ್. ಒಟ್ಟು 52 ಕೆಬಿಯೊಳಗೆ ಮುಗೀತು. 2 ಎಂಬಿ ಫ್ಲ್ಯಾಶಿಗೆ ಇದು ಲೆಕ್ಕವೇ ಅಲ್ಲ. ಅಕ್ಷರ ಮೊದಲು, ಒತ್ತು ಅದರ ಕೆಳಗೆ ಬಲಕ್ಕೆ, ಅರ್ಕಾವತ್ತು ಕೊನೆಗೆ. ಪ್ರತಿ ಚಿತ್ರದ ಜೊತೆ ಅದರ ನಿಜವಾದ ಅಗಲವನ್ನೂ ಇಡಿ. ಇಲ್ಲದಿದ್ದರೆ ರ ಮತ್ತು ಯೋ ಒಂದೇ ಜಾಗ ತಿಂದು ಪರದೆ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ.

ಬೆಲೆ ಕಟ್ಟಬೇಕಾದದ್ದು ಬೇರೆ ಕಡೆ. ಇಂಗ್ಲಿಷ್ 8 ಬಿಂದು ಎತ್ತರದಲ್ಲಿ 30 ಸಾಲು ಕೂರುತ್ತದೆ. ಕನ್ನಡಕ್ಕೆ 24 ಬೇಕು, ಅಂದರೆ 10 ಸಾಲು. 16ಕ್ಕೆ ಇಳಿಸಿ ನೋಡಿದೆ. ಸ್ತ್ರೀ ಎಂಬ ಅಕ್ಷರ ಸತ್ತ ಜೇಡನ ಹಾಗಿತ್ತು. ಹತ್ತು ಸಾಲಿನಲ್ಲೇ ಬದುಕುವುದನ್ನು ಕಲಿಯಿರಿ. ಸಣ್ಣ ಸಣ್ಣ ಫಂಕ್ಷನ್ ಬರೆಯುವ ಅಭ್ಯಾಸ ತಾನಾಗೇ ಬರುತ್ತದೆ.

ಕೀಲಿ ಜೋಡಣೆಗೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಕ್ರಮವನ್ನೇ ಇಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಎಲ್ಲರಿಗೂ ಅದು ಬೆರಳಲ್ಲೇ ಇದೆ. 26 ಅಕ್ಷರದ ಕೀಲಿ ಮತ್ತು ಶಿಫ್ಟಿನಲ್ಲೇ ಬಹುತೇಕ ಮುಗಿಯುವ ಜಾಣ ಕ್ರಮ. ಪುಟ್ಟ ಯಂತ್ರಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ.

ಎಡಿಟರ್

ಬರೆದದ್ದನ್ನು ಮೆಮೊರಿಯಲ್ಲಿ ಜೋಡಿಸಿಡಲು ಪುಸ್ತಕಗಳು ಗ್ಯಾಪ್ ಬಫರ್ ಮಾಡಿ, ಪೀಸ್ ಟೇಬಲ್ ಮಾಡಿ ಎಂದು ಜಾಣ ರಚನೆಗಳನ್ನು ಹೇಳುತ್ತವೆ. ಬೇಡ. 32 ಕೆಬಿಯ ಒಂದೇ ಉದ್ದ ಬಫರ್ ಇಡಿ. ನಡುವೆ ಅಕ್ಷರ ಬಂದರೆ ಅದರ ಮುಂದಿನದೆಲ್ಲವನ್ನೂ ಒಂದು ಬೈಟ್ ಆಚೆ ತಳ್ಳಿ. ತೀರಾ ಮೊದಲಿಗೆ ಅಕ್ಷರ ಸೇರಿಸಿದರೂ ಈ ಚಿಪ್ಪಿಗೆ ಒಂದೆರಡು ಮಿಲಿಸೆಕೆಂಡು ಸಾಕು. ಯಾವ ಹೆಬ್ಬೆರಳೂ ಅದನ್ನು ಗಮನಿಸುವುದಿಲ್ಲ.

ಬುದ್ಧಿ ಖರ್ಚು ಮಾಡಬೇಕಾದದ್ದು ಕರ್ಸರ್ ಮೇಲೆ. ಸ್ತ್ರೀ ಅನ್ನುವುದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘ ಈ. ಎಡ ಬಾಣ ಒತ್ತಿದರೆ ಆರನ್ನೂ ಒಟ್ಟಿಗೆ ದಾಟಬೇಕು. ಅಳಿಸು ಒತ್ತಿದರೆ ಕೊನೆಯ ಒಂದನ್ನು ಮಾತ್ರ ತೆಗೆಯಬೇಕು. ದೀರ್ಘದ ಬದಲು ಹ್ರಸ್ವ ಹಾಕಲು ಹೊರಟವನ ಇಡೀ ಅಕ್ಷರ ಕಿತ್ತುಕೊಂಡರೆ ಅವನು ಯಂತ್ರ ಎಸೆಯುತ್ತಾನೆ.

ಇನ್ನೊಂದು ಕೀಲಿ ಇದೆ, ಇದು ನನ್ನ ಅಚ್ಚುಮೆಚ್ಚು. ಕರ್ಸರ್ ಯಾವುದಾದರೂ ಅಂಕಿಯ ಮೇಲಿದ್ದಾಗ ಏರಿಸು, ಇಳಿಸು ಒತ್ತಿದರೆ ಅಂಕಿ ಬದಲಾಗಿ ಪ್ರೋಗ್ರಾಂ ತಾನಾಗೇ ಮತ್ತೆ ಓಡುತ್ತದೆ. ಮೆಟ್ರೊದಲ್ಲಿ ನಿಂತು ನಾನು ಮಾಡುವ ಕೆಲಸದ ಅರ್ಧ ಇದೇ.

ಓಡಿಸು, ಅದಕ್ಕಿಂತ ಮುಖ್ಯವಾಗಿ ನಿಲ್ಲಿಸು

ಮುಗಿಯದ ಲೂಪ್ ಎಲ್ಲರೂ ಬರೆಯುತ್ತಾರೆ. ಆಗ ನಿಲ್ಲಿಸು ಕೀಲಿ ಕೆಲಸ ಮಾಡಲೇಬೇಕು, ಎಷ್ಟೇ ಕೆಟ್ಟ ಪ್ರೋಗ್ರಾಂ ಇರಲಿ. ಪೀಕೊದಲ್ಲಿ ಎರಡು ಕೋರ್ ಇರುವುದು ಇಲ್ಲಿ ವರ. ಎರಡನೇ ಕೋರಿಗೆ ಕೀಲಿ ನೋಡುವ ಕೆಲಸ ಒಂದೇ ಕೊಡಿ. ನಿಲ್ಲಿಸು ಕಂಡರೆ ಅದು ಒಂದು ಬಾವುಟ ಎತ್ತುತ್ತದೆ. ಇಂಟರ್‌ಪ್ರಿಟರ್ ಪ್ರತಿ ಹೇಳಿಕೆಯ ಮುಂಚೆ ಬಾವುಟ ನೋಡುತ್ತದೆ. ಕಾಯುವುದು, ಗೆರೆ ಎಳೆಯುವುದು, ಸದ್ದು ಮಾಡುವುದು, ಇಂಥ ದೀರ್ಘ ಕೆಲಸದ ಒಳಗೂ ನೋಡಬೇಕು. ನಾನು ಕಾಯು ಎಂಬ ಪದದಲ್ಲಿ ಅದನ್ನು ಮರೆತು, ಒಂದು ಗಂಟೆ ಕಾಯಲು ಹೇಳಿ, ಕೊನೆಗೆ ಬ್ಯಾಟರಿ ಕಿತ್ತೆ.

ಅದಕ್ಕೂ ಬಗ್ಗದಿದ್ದರೆ, ಸಿಕ್ಕಿಬಿದ್ದ ಯಂತ್ರವನ್ನು ತಾನೇ ಮತ್ತೆ ಶುರು ಮಾಡುವ ಟೈಮರ್, ವಾಚ್‌ಡಾಗ್ ಇದೆ. ಈ ಚಿಪ್ಪಿನಲ್ಲಿ ಹೆಚ್ಚೆಂದರೆ ಸುಮಾರು 8.3 ಸೆಕೆಂಡು ಇಡಬಹುದು. ಯಂತ್ರ ಮತ್ತೆ ಶುರುವಾದಾಗ ಅದೇ ಕೆಟ್ಟ ಪ್ರೋಗ್ರಾಂ ತಾನಾಗೇ ಓಡಿದರೆ ಏನು ಗತಿ? ವಾಚ್‌ಡಾಗ್ ರೀಸೆಟ್ ಆದರೂ ಅಳಿಯದ ಎಂಟು ಪುಟ್ಟ ರಿಜಿಸ್ಟರುಗಳು (ಒಂದೊಂದು ಅಂಕಿ ಇಡುವ ಜಾಗಗಳು) ಒಳಗಿವೆ. ಓಡಿಸುವ ಮುಂಚೆ ಒಂದರಲ್ಲಿ ಗುರುತು ಬರೆಯಿರಿ, ಸುಸೂತ್ರ ಮುಗಿದರೆ ಅಳಿಸಿ. ಶುರುವಾಗುವಾಗ ಗುರುತು ಉಳಿದಿದ್ದರೆ ಪ್ರೋಗ್ರಾಂ ಓಡಿಸದೆ ಎಡಿಟರ್ ತೆರೆಯಿರಿ.

ತಪ್ಪಿನ ಮಾತು

ತಪ್ಪು ಬಂದಾಗ ಬೇರೆ ಪುಟಕ್ಕೆ ಹೋಗಬೇಡಿ. ಎಡಿಟರ್ ತೆರೆದು, ಕರ್ಸರ್ ಅನ್ನು ತಪ್ಪಿನ ಜಾಗದಲ್ಲೇ ಕೂರಿಸಿ, ಕೊನೆಯ ಸಾಲಿನಲ್ಲಿ ಕಾರಣ ಹೇಳಿ. 320 ಬಿಂದುವಿನಲ್ಲಿ ಕನ್ನಡ ಅಕ್ಷರ ಹಿಡಿಯುವುದು ಇಪ್ಪತ್ತರ ಹತ್ತಿರ. ಕರ್ಸರ್ ಅಲ್ಲೇ ಇರುವುದರಿಂದ ಸಾಲಿನ ಸಂಖ್ಯೆ ಬೇಡ. ತಪ್ಪು ಎಂಬ ಪದವೂ ಬೇಡ, ಕೆಂಪು ಬಣ್ಣ ಅದನ್ನು ಹೇಳುತ್ತದೆ. ಚಿಹ್ನೆ ಮುಚ್ಚಿಲ್ಲ. ಈ ಹೆಸರು ಗೊತ್ತಿಲ್ಲ. ಸೊನ್ನೆಯಿಂದ ಭಾಗಿಸಿದೆ. ಇಷ್ಟು ಸಾಕು. ಮೊದಲು ನಾನು ಅಮಾನ್ಯ ಪದಪ್ರಯೋಗ ಎಂದೆಲ್ಲ ಬರೆದಿದ್ದೆ. ಅಣ್ಣನ ಮಗಳು ಯಾರು ಬೈತಿದ್ದಾರೆ ಅಂತ ಕೇಳಿದಳು.

ಉಳಿಸುವುದು

ಹೊಸೂರು ರಸ್ತೆಯಲ್ಲಿ ಬಸ್ಸೊಂದು ಹಂಪ್ ಹಾರಿಸಿದಾಗ ನನ್ನ ಬ್ಯಾಟರಿ ಹೋಲ್ಡರಿನ ಸ್ಪ್ರಿಂಗ್ ಒಂದು ಕ್ಷಣ ಬಿಟ್ಟುಕೊಂಡಿತು. ಎರಡು ಗಂಟೆಯ ಕೆಲಸ ಹೋಯಿತು. ಬೈಯಲು ಯಾರೂ ಇರಲಿಲ್ಲ, ಸ್ಪ್ರಿಂಗ್ ಹಾಕಿದವನು ನಾನೇ.

ಹಾಗೆಂದು ಐದೈದು ಸೆಕೆಂಡಿಗೆ ಒಂದೇ ಜಾಗದಲ್ಲಿ ಬರೆಯಬೇಡಿ. ಫ್ಲ್ಯಾಶ್ ಅನ್ನು 4,096 ಬೈಟಿನ ತುಂಡುಗಳಾಗಿ ಅಳಿಸಬೇಕು. ಒಂದು ತುಂಡು ತಾಳುವುದು ಸಾಮಾನ್ಯವಾಗಿ 1,00,000 ಸಲದ ಅಳಿಸುವಿಕೆ. ದಿನಕ್ಕೆ 8 ಗಂಟೆ, 5 ಸೆಕೆಂಡಿಗೊಮ್ಮೆ ಅಂದರೆ 5,760 ಸಲ. ಹದಿನೇಳು ಹದಿನೆಂಟು ದಿನಕ್ಕೆ ಲೆಕ್ಕ ಮುಗೀತು. ಲಿಟಲ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಬಳಸಿ. ಸವೆತವನ್ನು ಹಂಚುತ್ತದೆ, ಅರ್ಧದಲ್ಲಿ ಕರೆಂಟ್ ಹೋದರೆ ಹಳೆಯ ಪ್ರತಿ ಉಳಿಯುತ್ತದೆ. ನಾನು ಉಳಿಸುವುದು ಎರಡೇ ಹೊತ್ತಿನಲ್ಲಿ: ಪ್ರತಿ ಸಲ ಓಡಿಸುವ ಮುಂಚೆ, ಮತ್ತು ಬೆರಳು ಐದು ಸೆಕೆಂಡು ಸುಮ್ಮನಿದ್ದಾಗ, ಅದೂ ಏನಾದರೂ ಬದಲಾಗಿದ್ದರೆ ಮಾತ್ರ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ನಿಮ್ಮ ಕೋಡ್ ಓಡುವುದೂ ಅದೇ ಫ್ಲ್ಯಾಶಿನಿಂದ. ಅಳಿಸುವ ಹತ್ತಾರು ಮಿಲಿಸೆಕೆಂಡಿನಲ್ಲಿ ಎರಡನೇ ಕೋರ್ ಅಲ್ಲಿಂದ ಕೋಡ್ ಓದಲು ಹೋದರೆ ಯಂತ್ರ ಬಿದ್ದೇ ಹೋಗುತ್ತದೆ. ಕೀಲಿ ನೋಡುವ ಕೋಡನ್ನು ಪೂರ್ತಿ ರ್‍ಯಾಮಿನಲ್ಲಿಡಿ, ಇಲ್ಲವೇ ಉಳಿಸುವ ಹೊತ್ತಿಗೆ ಆ ಕೋರನ್ನು ನಿಲ್ಲಿಸಿ. ಎರಡು ವಾರ ನಾನು ಬೆಸುಗೆ ಸರಿಯಿಲ್ಲ ಅಂದುಕೊಂಡು ತಂತಿ ಮತ್ತೆ ಮತ್ತೆ ಬೆಸೆದಿದ್ದೆ.

ಬೇರೆಯವರ ಕೈಗೆ ಕೊಡಿ

ಇಷ್ಟಾದ ಮೇಲೆ ಯಂತ್ರವನ್ನು ಕೋಡ್ ಬರೆಯದವರ ಕೈಗೆ ಕೊಟ್ಟು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರಿ. ಏನೂ ಹೇಳಿಕೊಡಬೇಡಿ. ಅವರ ಬೆರಳು ಎಲ್ಲಿ ನಿಂತಿತು ಎಂದು ಚೀಟಿಯಲ್ಲಿ ಬರೆಯಿರಿ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಒಬ್ಬರು ತಂತಿಯ ಉದ್ದದ ಲೆಕ್ಕ ಬರೆಯಲು ನೋಡಿದರು. ಅವರ ದಪ್ಪ ಹೆಬ್ಬೆರಳಿಗೆ ಒಮ್ಮೆಗೆ ಎರಡು ಕೀಲಿ ಸಿಗುತ್ತಿತ್ತು. ನಾನು ಕೀಲಿಗಳ ನಡುವೆ ಒಂದು ಮಿಲಿಮೀಟರ್ ಜಾಸ್ತಿ ಮಾಡಿದೆ. ಜೊತೆಗೆ 20 ಮಿಲಿಸೆಕೆಂಡಿನೊಳಗೆ ಅಕ್ಕಪಕ್ಕದ ಎರಡು ಕೀಲಿ ಬಂದರೆ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುವಂತೆ ಬರೆದೆ.

ಅಣ್ಣನ ಮಗಳು ಮಗ್ಗಿ ಬರೆಸುವ ನಾಲ್ಕು ಸಾಲು ಬರೆದಳು. ಓಡಿತು. ಆಮೇಲೆ ಬೇಕಾದ ಸಾಲನ್ನೇ ಅಳಿಸಿಬಿಟ್ಟು ನನ್ನ ಮುಖ ನೋಡಿದಳು. ಹಿಂದಕ್ಕೆ ಹೋಗೋದು ಯಾವುದು? ಅಂತಹ ಕೀಲಿಯೇ ಇರಲಿಲ್ಲ. ಎರಡು ವರ್ಷದಲ್ಲಿ ನನಗೆ ಅದು ತೋಚಿಯೇ ಇರಲಿಲ್ಲ. ಅವತ್ತು ರಾತ್ರಿ 4 ಕೆಬಿ ತೆಗೆದಿಟ್ಟೆ. ಪ್ರತಿ ಬದಲಾವಣೆಯ ಜಾಗ, ಅಳಿದ ಬೈಟ್, ಸೇರಿದ ಬೈಟ್, ಇಷ್ಟನ್ನು ಸುತ್ತುಪಟ್ಟಿಯಾಗಿ ಬರೆಯುತ್ತಾ ಹೋಗುವುದು, ತುಂಬಿದರೆ ಹಳೆಯದನ್ನು ಬಿಡುವುದು. ಬೆಳಗಾಗುವ ಹೊತ್ತಿಗೆ ಕೀಲಿ ಕೆಲಸ ಮಾಡುತ್ತಿತ್ತು. ಹಿಂದೆ ಎಂದು ಅದರ ಮೇಲೆ ಅವಳೇ ಮಾರ್ಕರಿನಲ್ಲಿ ಬರೆದಿದ್ದಾಳೆ.